ಹಸಿರು ತ್ರಿಕೋನ ಕಂಡು ನಿರಾಳ ಆಗಬೇಡಿ

ಮನೆಯಲ್ಲಿ ಮ್ಯಾಂಕೋಜೆಬ್ ಪೊಟ್ಟಣ ಇದ್ದರೆ ಒಮ್ಮೆ ತಿರುಗಿಸಿ ನೋಡಿ. ಹಸಿರು ಬಣ್ಣದ ತ್ರಿಕೋನ ಕಾಣುತ್ತದೆ. ಹಾಸನದ ಆಲೂಗಡ್ಡೆಗೆ, ಕೋಲಾರದ ಟೊಮೆಟೊಗೆ ಅಂಗಮಾರಿ ಬಂದರೆ ಮೊದಲು ನೆನಪಾಗುವ ಪುಡಿಗಳಲ್ಲಿ ಇದೂ ಒಂದು. ‘ಹಸಿರು ಅಲ್ವಾ, ಏನೂ ಆಗಲ್ಲ ಬಿಡಿ’ ಅಂತ ಬರಿಗೈಯಲ್ಲೇ ಕಲಸುವವರಿದ್ದಾರೆ.

ಆದರೆ ಆ ಹಸಿರಿನ ಅರ್ಥ ಅದಲ್ಲ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣ. ವಿಷ ಒಮ್ಮೆಲೇ ಎಷ್ಟು ಹೊಟ್ಟೆಗೆ ಹೋದರೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧ ಸಾಯುತ್ತವೆ ಅನ್ನುವುದು ಮುಖ್ಯ ಲೆಕ್ಕ. ದೇಹತೂಕದ ಕೆಜಿಗೆ 50 ಮಿಲಿಗ್ರಾಂ ಒಳಗಾದರೆ ಕೆಂಪು, 5,000 ದಾಟಿದರೆ ಹಸಿರು. ಅಂದರೆ ಇದು ತಕ್ಷಣದ ಸಾವಿನ ಲೆಕ್ಕ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಮೈಗೆ ಸೇರಿದರೆ ಏನಾಗುತ್ತದೆ ಅನ್ನುವುದನ್ನು ಆ ಬಣ್ಣ ಹೇಳುವುದಿಲ್ಲ.

ಹಾರ್ಮೋನ್ ಕೆಡಿಸುವ ರಾಸಾಯನಿಕಗಳು ಕೆಲಸ ಮಾಡುವುದೇ ಹಾಗೆ. ನಮ್ಮ ರಕ್ತದಲ್ಲಿ ಹಾರ್ಮೋನ್ ಇರುವುದೇ ಅತ್ಯಲ್ಪ. ಅದನ್ನು ಏರುಪೇರು ಮಾಡಲು ರಾಶಿ ವಿಷ ಬೇಕಿಲ್ಲ. ಮ್ಯಾಂಕೋಜೆಬ್ ಒಡೆದಾಗ ಇಟಿಯು ಎಂಬ ವಸ್ತು ಹುಟ್ಟುತ್ತದೆ, ಅದು ಥೈರಾಯ್ಡ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಗರ್ಭದಲ್ಲಿರುವ ಮಗುವಿನ ಮೆದುಳು ಬೆಳೆಯಲು ತಾಯಿಯ ಥೈರಾಯ್ಡ್ ಹಾರ್ಮೋನ್ ಬೇಕೇ ಬೇಕು.

ಅಮೆರಿಕದ ಅಯೋವಾ, ಉತ್ತರ ಕೆರೊಲಿನಾದಲ್ಲಿ ಕೀಟನಾಶಕ ಬಳಸುವ ರೈತರ ಹೆಂಡತಿಯರು 16 ಸಾವಿರಕ್ಕೂ ಹೆಚ್ಚು ಮಂದಿಯ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮ್ಯಾಂಕೋಜೆಬ್ ಮತ್ತು ಅದೇ ಜಾತಿಯ ಮಾನೆಬ್ ಬಳಸಿದ್ದ ಮಹಿಳೆಯರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚು ಕಂಡಿತು. ಇದೊಂದೇ ಪುರಾವೆ ಅಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. 2020ರ ಡಿಸೆಂಬರ್‌ನಲ್ಲಿ ಯುರೋಪ್ ಒಕ್ಕೂಟ ಮ್ಯಾಂಕೋಜೆಬ್ ಪರವಾನಗಿ ನವೀಕರಿಸಲಿಲ್ಲ. ಹಾರ್ಮೋನ್ ಕೆಡಿಸುವ ಗುಣವೂ ಕಾರಣಗಳಲ್ಲಿ ಒಂದು.

ನಮ್ಮಲ್ಲಿ? 2020ರಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳ ನಿಷೇಧಕ್ಕೆ ಕರಡು ಹೊರಡಿಸಿತು, ಅದರಲ್ಲಿ ಮ್ಯಾಂಕೋಜೆಬ್ ಇತ್ತು. 2023ರ ಆದೇಶದಲ್ಲಿ ಸೀಬೆ, ಜೋಳ, ಮರಗೆಣಸಿಗೆ ಮಾತ್ರ ಬೇಡ ಎಂದಾಯಿತು.

ನಾಳೆಯೇ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಅಂಗಮಾರಿಗೆ ಹೊಲ ಬಿಟ್ಟುಕೊಟ್ಟರೆ ಸಾಲ ಯಾರು ತೀರಿಸಬೇಕು? ಆದರೆ ಕಲಸುವ ಹೆಣ್ಣುಮಗಳಿಗೆ ತನ್ನ ಕೈಯಲ್ಲಿರುವುದು ಏನೆಂದು ತಿಳಿಯುವ ಹಕ್ಕಿದೆ. ಬಣ್ಣದ ಪಕ್ಕದಲ್ಲೇ ‘ಹಾರ್ಮೋನ್‌ಗೆ ತೊಂದರೆ, ಗರ್ಭಿಣಿಯರು ಮುಟ್ಟಬಾರದು’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಲು ಏನು ಕಷ್ಟ? ಮುಂದಿನ ಗ್ರಾಮಸಭೆಗೆ ಕೃಷಿ ಅಧಿಕಾರಿ ಬಂದರೆ ಇದನ್ನೇ ಕೇಳಿ.

ಅಲ್ಲಿಯವರೆಗೆ ಗ್ಲೌಸ್, ಮಾಸ್ಕ್ ಹಾಕಿ. ಹೊಡೆದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬೇಡಿ. ಬಸುರಿ ಹೆಂಗಸರು, ಮಕ್ಕಳು ಹತ್ತಿರ ಬರದಿರಲಿ. ಕೊಯ್ಲಿಗೆ ಮುಂಚೆ ಎಷ್ಟು ದಿನ ಬಿಡಬೇಕೆಂದು ಪೊಟ್ಟಣದ ಜೊತೆಗಿನ ಚೀಟಿಯಲ್ಲಿದೆ, ಅಷ್ಟು ದಿನ ಬಿಡಿ.