ಮನೆಯಿಲ್ಲದವರೂ ನಗರಾಡಳಿತದ ಧರ್ಮವೂ

ಜೈನಶಾಸ್ತ್ರವು ವ್ರತಿಗಳನ್ನು ಅಗಾರಿ, ಅನಗಾರ ಎಂದು ಎರಡು ಬಗೆಯಾಗಿ ವಿಂಗಡಿಸಿದೆ. ಮನೆಯಲ್ಲಿದ್ದು ಅಣುವ್ರತಗಳನ್ನು ಪಾಲಿಸುವವನು ಅಗಾರಿ; ಮನೆಯನ್ನು ತೊರೆದು ಮಹಾವ್ರತಗಳನ್ನು ಧರಿಸಿದವನು ಅನಗಾರ. ಅನಗಾರನ ಮುಂದೆ ಶ್ರಾವಕ ಸಮಾಜವು ತಲೆಬಾಗುತ್ತದೆ. ಆತನಿಗೆ ವಸತಿ ಕಲ್ಪಿಸುವುದನ್ನು ಪುಣ್ಯವೆಂದು ಭಾವಿಸುತ್ತದೆ. ‘ಬಸದಿ’ ಎಂಬ ಶಬ್ದವೇ ‘ವಸತಿ’ಯ ತದ್ಭವ. ಆದರೆ ಅದೇ ಬೀದಿಯಲ್ಲಿ, ಬಾಗಿಲು ಹಾಕಿದ ಅಂಗಡಿಯ ಜಗಲಿಯ ಮೇಲೆ ಗೋಣಿಚೀಲ ಹೊದ್ದು ಮಲಗಿದ ಹಮಾಲನೂ ಮನೆಯಿಲ್ಲದವನೇ. ಅವನು ಏನನ್ನೂ ತ್ಯಜಿಸಿದವನಲ್ಲ. ತ್ಯಜಿಸಲು ಅವನ ಬಳಿ ಏನೂ ಇರಲಿಲ್ಲ. ಸ್ವೇಚ್ಛೆಯಿಂದ ಮನೆ ಬಿಟ್ಟರೆ ತಪಸ್ಸು. ಪರರು ಬಿಡಿಸಿದರೆ ಹಿಂಸೆ. ಈ ಭೇದವನ್ನು ನಗರಾಡಳಿತಗಳು ಅರಿತಂತೆ ಕಾಣುವುದಿಲ್ಲ.

ಮೊದಲು ಲೆಕ್ಕವನ್ನು ನೋಡಬೇಕು. 2011ರ ಜನಗಣತಿಯಂತೆ ದೇಶದಲ್ಲಿ ವಸತಿಹೀನರು ಸುಮಾರು 17.7 ಲಕ್ಷ, ಅವರಲ್ಲಿ ನಗರವಾಸಿಗಳು 9 ಲಕ್ಷಕ್ಕೂ ಹೆಚ್ಚು. ಅದೇ ಗಣತಿಯು ನಗರಗಳಲ್ಲಿ 1 ಕೋಟಿ 10 ಲಕ್ಷದಷ್ಟು ಮನೆಗಳು ಖಾಲಿ ಬಿದ್ದಿರುವುದನ್ನೂ ದಾಖಲಿಸಿತು. ಮರುವರ್ಷ ಕೇಂದ್ರ ಸರಕಾರದ ತಜ್ಞರ ತಂಡವು ನಗರಗಳಲ್ಲಿನ ವಸತಿ ಕೊರತೆಯನ್ನು ಸುಮಾರು 1 ಕೋಟಿ 88 ಲಕ್ಷವೆಂದು ಅಂದಾಜಿಸಿತು. ಅದರಲ್ಲಿ ಶೇಕಡ 95ಕ್ಕೂ ಹೆಚ್ಚು ಪಾಲು ಬಡವರದು ಮತ್ತು ಕಡಮೆ ವರಮಾನದವರದು. ಅಂದರೆ ಮನೆಗಳು ಕಟ್ಟಲ್ಪಡುತ್ತಿಲ್ಲವೆಂದಲ್ಲ, ಬೇಕಾದವರಿಗಾಗಿ ಕಟ್ಟಲ್ಪಡುತ್ತಿಲ್ಲ. ಒಂದು ಕಡೆ ಅತಿಪರಿಗ್ರಹ, ಇನ್ನೊಂದು ಕಡೆ ನಿರಾಶ್ರಯ: ಇವೆರಡೂ ಒಂದೇ ಖಾತೆಯ ಜಮಾ ಮತ್ತು ಖರ್ಚಿನ ಪುಟಗಳು.

ಇದಕ್ಕೆ ನಗರಾಡಳಿತಗಳು ಕಂಡುಕೊಂಡ ಮೊದಲ ಉತ್ತರ ಒಕ್ಕಲೆಬ್ಬಿಸುವುದು. 1981ರ ಜುಲೈ ತಿಂಗಳ ಮಳೆಯಲ್ಲಿ ಮುಂಬಯಿಯ ಫುಟ್‌ಪಾತ್‌ವಾಸಿಗಳ ಗುಡಿಸಲುಗಳನ್ನು ಕಿತ್ತು, ಅವರನ್ನು ಬಸ್ಸುಗಳಲ್ಲಿ ತುಂಬಿ ಊರಾಚೆಗೆ ಕಳುಹಿಸುವ ಕಾರ್ಯ ನಡೆಯಿತು. ಓಲ್ಗಾ ಟೆಲಿಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಪಂಚ ಸದಸ್ಯ ಪೀಠವು 1985ರಲ್ಲಿ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆಯೆಂದು ಘೋಷಿಸಿತು. ಕೆಲಸ ಸಮೀಪದಲ್ಲಿರುವುದರಿಂದಲೇ ಬಡವನು ಅಲ್ಲಿ ಮಲಗುತ್ತಾನೆಂಬುದನ್ನು ಮನಗಂಡಿತು. ಆದರೂ ತಿಳಿವಳಿಕೆ ಪತ್ರ ಕೊಟ್ಟು ತೆರವು ಮಾಡುವ ಪಾಲಿಕೆಯ ಅಧಿಕಾರವನ್ನು ಎತ್ತಿಹಿಡಿಯಿತು. ತೀರ್ಪಿನ ಪೂರ್ವಾರ್ಧವನ್ನು ಪಾಲಿಕೆಗಳು ಮರೆತವು; ಉತ್ತರಾರ್ಧವನ್ನು ಮಾತ್ರ ಕಂಠಪಾಠ ಮಾಡಿದವು. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ನೂರಾರು ಬಡ ಕುಟುಂಬಗಳನ್ನು ಬೀದಿಗೆ ತಳ್ಳಿದ್ದೂ ಅಂದಿನ ಮಹಾನಗರ ಪಾಲಿಕೆಯೇ. ಅದು ಬಡವರಿಗಾಗಿಯೇ ಮೀಸಲಾಗಿದ್ದ ವಸತಿಯ ನೆಲವಾಗಿತ್ತು.

ಎರಡನೆಯ ಉತ್ತರ, ಬಡತನಕ್ಕೆ ಅಪರಾಧದ ಹೆಸರಿಡುವುದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯಿದೆಯ ಅನ್ವಯ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಂದಿಗೆ ಶೇಕಡ 3ರಷ್ಟು ಉಪಕರವನ್ನು ವಸೂಲು ಮಾಡುತ್ತವೆ. ತೆರಿಗೆ ರಸೀದಿಯಲ್ಲಿ ಅದನ್ನು ಕಂಡ ಗೃಹಸ್ಥನು ತನ್ನ ಕರುಣೆಯ ಬಾಕಿ ಸಂದಾಯವಾಯಿತೆಂದು ನಿಶ್ಚಿಂತನಾಗುತ್ತಾನೆ. ಆ ಹಣದ ಹೆಸರಿನಲ್ಲಿ ನಡೆಯುವ ಬೆಂಗಳೂರಿನ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಕರ ಕೊಟ್ಟವನ ಹೊಣೆ ಕರದೊಂದಿಗೆ ಮುಗಿಯುವುದೆ? ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯನ್ನು ಮೂರು ವಿಧವಾಗಿ ಎಣಿಸುವ ಧರ್ಮದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿಲ್ಲ.

ಮೂರನೆಯದು ರಾತ್ರಿ ತಂಗುದಾಣ. ಇದು ಸರಿಯಾದ ದಾರಿಯೇ. ನಡೆದವರು ಮಾತ್ರ ವಿರಳ. 2009ರ ಡಿಸೆಂಬರಿನ ಕೊರೆಯುವ ಚಳಿಯಲ್ಲಿ ದೆಹಲಿ ಪಾಲಿಕೆಯು ತಂಗುದಾಣವೊಂದನ್ನೇ ಕೆಡವಿತು. ಬಳಿಕ ನ್ಯಾಯಾಲಯಗಳು ಮಧ್ಯೆ ಬರಬೇಕಾಯಿತು. ಪ್ರತಿ ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಒಂದು ಕಾಯಂ ತಂಗುದಾಣ, ತಲೆಗೆ 50 ಚದರಡಿ ಸ್ಥಳ ಎಂಬ ಮಾನದಂಡ 2013ರ ಕೇಂದ್ರ ಯೋಜನೆಯಲ್ಲಿ ಸ್ಪಷ್ಟವಾಗಿತ್ತು. ಹಣವಿದ್ದೂ ಕೆಲಸವಾಗದಿರುವುದನ್ನು ಕಂಡು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ನ್ಯಾಯಮೂರ್ತಿ ಕೈಲಾಸ್ ಗಂಭೀರ್ ಅವರ ಸಮಿತಿಯನ್ನು ನೇಮಿಸಬೇಕಾಯಿತು. ಕೊರತೆ ಬೊಕ್ಕಸದಲ್ಲಿರಲಿಲ್ಲ, ಮನಸ್ಸಿನಲ್ಲಿತ್ತು.

“ಆಶ್ರಯ ಕೊಟ್ಟರೆ ಇನ್ನಷ್ಟು ಜನ ಬರುತ್ತಾರೆ” ಎಂಬ ಆಕ್ಷೇಪವುಂಟು. ಜನರು ನಗರಕ್ಕೆ ಬರುವುದು ದುಡಿಮೆಗಾಗಿ. ಚಾಪೆಯೊಂದರ ಆಸೆಗಾಗಿ ಹೊಲ ಮನೆ ಬಿಟ್ಟು ಬರುವ ಮೂಢರಾರು? “ತಂಗುದಾಣ ಕಟ್ಟಿದರೂ ಅವರು ಹೋಗುವುದಿಲ್ಲ” ಎಂಬುದು ಇನ್ನೊಂದು ಆಕ್ಷೇಪ. ಮಾರುಕಟ್ಟೆಯಿಂದ ಹರದಾರಿ ದೂರದಲ್ಲಿ, ತಳ್ಳುಗಾಡಿ ನಿಲ್ಲಿಸಲು ಎಡೆಯಿಲ್ಲದೆ, ಹೆಂಡತಿ ಮಕ್ಕಳನ್ನು ಬೇರ್ಪಡಿಸುವ ಕಟ್ಟಡಕ್ಕೆ, ನಸುಕಿನಲ್ಲಿ ಲಾರಿಯ ಸರಕು ಇಳಿಸಬೇಕಾದವನು ಹೇಗೆ ಹೋದಾನು? ದೋಷ ಮಲಗುವವನದಲ್ಲ, ಕಟ್ಟಿದವನದು.

ನಗರಾಡಳಿತಗಳು ಮಾಡಬೇಕಾದುದು ಗೂಢವೇನಲ್ಲ. ವಸತಿಹೀನರನ್ನು ರಾತ್ರಿಯ ವೇಳೆ ಅವರು ಮಲಗುವ ಸ್ಥಳದಲ್ಲೇ ಎಣಿಸಲಿ. ಮಂಡಿ, ರೈಲು ನಿಲ್ದಾಣಗಳ ಬಳಿಯೇ ತಂಗುದಾಣ ಕಟ್ಟಲಿ. ಕುಟುಂಬಗಳಿಗೆ ಬೇರೆ ಕೋಣೆ, ಗಂಟುಮೂಟೆಗೆ ಬೀಗದ ಪೆಟ್ಟಿಗೆ ಇರಲಿ. ಬದಲಿ ಸ್ಥಳ ತೋರಿಸದೆ ಯಾರನ್ನೂ ಎಬ್ಬಿಸದಿರಲಿ. ತಂಗುದಾಣವು ಕೊನೆಯಲ್ಲ, ಮೆಟ್ಟಿಲು. ಕೂಲಿಗೆ ನಿಲುಕುವ ಬಾಡಿಗೆಯ ಮನೆಗಳೇ ಗುರಿಯಾಗಲಿ.

ಆದರೆ ಪಾಲಿಕೆಯನ್ನು ದೂರುವ ಶ್ರಾವಕನು ತನ್ನ ಜಗಲಿಯನ್ನೂ ಒಮ್ಮೆ ನೋಡಬೇಕು. ರಾತ್ರಿ ಅಲ್ಲಿ ಮಲಗಿದವನನ್ನು ತೆರವು ಮಾಡಿಸಿರೆಂದು ಅರ್ಜಿ ಬರೆಯುವ ಕೈಯೇ ಬೆಳಗ್ಗೆ ಮೂಟೆ ಹೊರಲು ಅವನನ್ನು ಕರೆಯುತ್ತದೆ. ಬೆಲೆ ಏರಲೆಂದು ಬೀಗ ಹಾಕಿಟ್ಟ ಮನೆಯೂ ಪರಿಗ್ರಹ ಪರಿಮಾಣದ ಲೆಕ್ಕದೊಳಗೇ ಬರುತ್ತದೆ. ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ನಡುರಾತ್ರಿ ಲಾಠಿಯ ಸದ್ದಿಗೆ ಬೆಚ್ಚಿ ಏಳದೆ ಬೆಳಗಿನವರೆಗೆ ಮಲಗಬಲ್ಲೆನೆಂಬ ನೆಚ್ಚಿಕೆಯನ್ನು ಒಬ್ಬ ದುಡಿಯುವವನಿಗೆ ಕೊಡಲಾರದ ಊರಿನಲ್ಲಿ ಅಭಯವೆಂಬ ಮಾತಿಗೆ ಅರ್ಥವೆಲ್ಲಿ?