‘ನಿಗೂಢ ಕಾಯಿಲೆ’ ಅಂತ ಬರೆಯೋದನ್ನ ಮೊದಲು ನಿಲ್ಲಿಸಿ



ಹಂದಿಗೋಡು ಕಾಯಿಲೆ ಬಗ್ಗೆ ಸುದ್ದಿ ಬಂದಾಗೆಲ್ಲ ಒಂದೇ ತಲೆಬರಹ: ‘ಮಲೆನಾಡಿನ ನಿಗೂಢ ಕಾಯಿಲೆ’. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಇದು ಹೊರಗಿನವರ ಕಣ್ಣಿಗೆ ಬಿದ್ದಿದ್ದು 1975ರ ಆಸುಪಾಸು. ಐವತ್ತು ವರ್ಷ ಆಯ್ತು. ಇನ್ನೂ ನಿಗೂಢನಾ?

ಸೊಂಟ, ಮಂಡಿಯಲ್ಲಿ ನೋವು ಶುರುವಾಗುತ್ತೆ. ಕೆಲವರಿಗೆ ಚಿಕ್ಕಂದಿನಲ್ಲೇ, ಕೆಲವರಿಗೆ ದುಡಿಯೋ ವಯಸ್ಸಲ್ಲಿ. ಸೊಂಟದ ಕೀಲು ಸವೆದು ನಡಿಗೆ ಓಲಾಡುತ್ತೆ. ಆಮೇಲೆ ಕೋಲು, ಆಮೇಲೆ ಕೈಯೂರಿ ತೆವಳೋದು. ಕೆಲವರ ಎತ್ತರವೇ ಬೆಳೆಯಲ್ಲ. ಹೆಚ್ಚಾಗಿ ಇದು ಬಂದಿರೋದು ಚಲವಾದಿ, ಚನ್ನಂಗಿ ಕುಟುಂಬಗಳಿಗೆ. ಅಂದ್ರೆ ಕೂಲಿ ಮಾಡಿ ಉಣ್ಣೋ ನಮ್ಮ ಜನಕ್ಕೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲೇ ಬಂದು ನೋಡಿ, ಇದು ಕುಟುಂಬಗಳಲ್ಲಿ ಬರುವ ಸಂಧಿವಾತ ಅಂತ ಹೆಸರಿಟ್ಟು ಬರೆದರು. 1990ರ ದಶಕದಲ್ಲಿ ಎಕ್ಸ್‌ರೇ ತೆಗೆದು, ವಂಶಾವಳಿ ಬರೆದುಕೊಂಡು, ಇದು ಮೂಳೆಯ ತುದಿಗಳ ಬೆಳವಣಿಗೆಯಲ್ಲೇ ಇರುವ ಆನುವಂಶಿಕ ದೋಷ ಅಂತ ಪ್ರಕಟಿಸಿದರು. ರಕ್ತ ಕೊಟ್ಟವರು, ಎಕ್ಸ್‌ರೇ ಮುಂದೆ ನಿಂತವರು ನಮ್ಮವರು. ವರದಿ ಇಂಗ್ಲಿಷಲ್ಲಿ. ಗುಡಿಸಲಿಗೆ ಬಂದು ‘ನೋಡಮ್ಮ, ನಿಮಗೆ ಆಗಿರೋದು ಇದು’ ಅಂತ ಕನ್ನಡದಲ್ಲಿ ಕೂತು ಹೇಳಿದವರು ಎಷ್ಟು ಜನ?

ಹೇಳದೇ ಬಿಟ್ಟ ಜಾಗದಲ್ಲಿ ಗಾಳಿಮಾತು ತುಂಬಿಕೊಳ್ತು. ಮೊದಲು ‘ಗದ್ದೆ ಏಡಿ, ಮೀನು ತಿಂದು ಬಂತು’ ಅಂದ್ರು. ನಮ್ಮ ಊಟದ ಮೇಲೆ ಅಪವಾದ. ಆಮೇಲೆ ‘ಸಂಬಂಧದಲ್ಲೇ ಮದುವೆ ಆಗ್ತಾರೆ, ಅದಕ್ಕೇ ಬಂತು’ ಅಂದ್ರು. ನಮ್ಮ ನೆಂಟಸ್ತನದ ಮೇಲೆ ಅಪವಾದ. ಇದನ್ನ ಈಗಲೂ ಓದಿದವರೇ ಹೇಳ್ತಾರೆ. ಸ್ವಾಮಿ, ಆ ಅಧ್ಯಯನ ಹೇಳಿರೋದು ಇದು ಪ್ರಬಲ ವಂಶವಾಹಿಯಿಂದ ಬರುತ್ತೆ ಅಂತ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡಾ 50. ಮದುವೆಯಾದವಳು ಸೋದರಮಾವನ ಮಗಳೋ, ದೂರದೂರಿನ ಹುಡುಗಿಯೋ, ಲೆಕ್ಕ ಅದೇ. ಅಕ್ಕನ ಮಗಳನ್ನ ತಂದುಕೊಳ್ಳೋದು ಈ ನಾಡಿನ ಎಷ್ಟು ಜಾತಿಯಲ್ಲಿಲ್ಲ? ಅವರ ಮನೆಗೆ ಬಂದ ಕಾಯಿಲೆ ದುರದೃಷ್ಟ, ನಮ್ಮ ಕೇರಿಗೆ ಬಂದದ್ದು ಮಾತ್ರ ನಮ್ಮ ತಪ್ಪಾ?

ನಾನು ಕಚೇರಿ ಗುಮಾಸ್ತ. ಕಡತದ ಭಾಷೆ ನನಗೆ ಗೊತ್ತು. ‘ಕಾರಣ ತಿಳಿದುಬಂದಿಲ್ಲ, ಪರಿಶೀಲನೆಯಲ್ಲಿದೆ’ ಅಂತ ಒಂದು ಸಾಲು ಬಿದ್ದರೆ ಸಾಕು, ಆ ಕಡತಕ್ಕೆ ಯಾರೂ ಉತ್ತರ ಕೊಡಬೇಕಿಲ್ಲ. ‘ನಿಗೂಢ’ ಅನ್ನೋ ಮಾತು ಮಾಡ್ತಿರೋದೂ ಅದೇ ಕೆಲಸ. ಸಂಶೋಧನೆ ನಡೀಲಿ, ಬೇಡ ಅನ್ನಲ್ಲ. ಆದರೆ ಸಂಶೋಧನೆ ಮುಗಿಯೋವರೆಗೆ ಊರುಗೋಲು ಕೊಡಬಾರದು ಅಂತ ಯಾವ ಕಾನೂನಲ್ಲಿದೆ? ಸವೆದ ಸೊಂಟದ ಕೀಲು ಬದಲಾಯಿಸೋ ಶಸ್ತ್ರಚಿಕಿತ್ಸೆ ನಗರದ ಆಸ್ಪತ್ರೆಗಳಲ್ಲಿ ದಿನನಿತ್ಯ ನಡೀತಿದೆ. ಅದಕ್ಕೆ ಯಾವ ನಿಗೂಢವೂ ಬಿಡಿಸಬೇಕಿಲ್ಲ.

ಕಾನೂನಂತೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಹಂದಿಗೋಡು ಅನ್ನೋ ಹೆಸರಿಲ್ಲ. ಆದರೆ ಚಲನ ವೈಕಲ್ಯ ಇದೆ, ಕುಬ್ಜತೆ ಇದೆ. ಬೇರೆಯವರಿಗೆ ಕೊಡೋ ಅಂಥದ್ದೇ ನೆರವಿಗಿಂತ ಕನಿಷ್ಠ ಶೇಕಡಾ 25 ಹೆಚ್ಚು ಕೊಡಬೇಕು ಅಂತ 24ನೇ ಕಲಂ ಹೇಳುತ್ತೆ. ತೊಡಕಿರೋದು ಶೇಕಡಾ 40ರ ಗೆರೆಯಲ್ಲಿ. ಒಬ್ಬ ಅಕ್ಕನ ಜೊತೆ ಪ್ರಮಾಣಪತ್ರಕ್ಕೆ ಅಲೆದಿದ್ದೇನೆ. ಎರಡು ಸಲ ‘ಮೂಳೆ ಡಾಕ್ಟ್ರು ಇಲ್ಲ, ಮುಂದಿನ ವಾರ ಬನ್ನಿ’. ಮೂರನೇ ಸಲ ಕಾಲು ಎಷ್ಟು ಮಡಚುತ್ತೆ ಅಂತ ಅಳೆದು ಗೆರೆಯ ಕೆಳಗೆ ಬರೆದರು. ‘ದಿನವಿಡೀ ಬಗ್ಗಿ ನಾಟಿ ಹಾಕೋಕೆ ಆಗುತ್ತೇನಮ್ಮ?’ ಅಂತ ಯಾರೂ ಕೇಳಲಿಲ್ಲ. ಕುರ್ಚಿಯಲ್ಲಿ ಕೂತು ದುಡಿಯೋ ನನಗೆ ಮಂಡಿನೋವು ಬಂದರೆ ರಜೆ ಚೀಟಿ ಇದೆ. ಆಕೆಗೆ ಆ ದಿನದ ಕೂಲಿಯೇ ಇಲ್ಲ.

ನಾವು ಕೇಳ್ತಿರೋದು ಇಷ್ಟೇ. ಪ್ರಮಾಣಪತ್ರದ ಶಿಬಿರ ಊರಿಗೇ ಬರಲಿ, ಅಳತೆಯಲ್ಲಿ ಆಕೆಯ ದುಡಿಮೆಯೂ ಸೇರಲಿ. ಕೀಲು ಬದಲಾವಣೆ, ಫಿಸಿಯೋಥೆರಪಿ, ಓಡಾಟದ ಖರ್ಚು ಸರ್ಕಾರ ಹೊರಲಿ. ಮಕ್ಕಳು ಮಾಡಿಕೊಳ್ಳೋ ವಯಸ್ಸಿನವರಿಗೆ ಕನ್ನಡದಲ್ಲಿ, ಗೌರವದಿಂದ, ಗದರಿಸದೆ ತಿಳಿವಳಿಕೆ ಹೇಳಲಿ. ಐವತ್ತು ವರ್ಷದಲ್ಲಿ ನಮ್ಮವರ ಮೈಯಿಂದ ಕಲಿತದ್ದನ್ನೆಲ್ಲ ಕನ್ನಡದಲ್ಲಿ ಅಚ್ಚು ಹಾಕಿಸಿ ನಮ್ಮ ಕೈಗೆ ಕೊಡಲಿ.

ಪತ್ರಕರ್ತ ಗೆಳೆಯರೇ, ಮುಂದಿನ ಸಲ ಬರೆಯುವಾಗ ‘ನಿಗೂಢ’ ಬಿಡಿ. ‘ಗೊತ್ತಿದ್ದೂ ಕೈಬಿಟ್ಟ ಕಾಯಿಲೆ’ ಅಂತ ಬರೀರಿ.

ಜೈಭೀಮ್.