ಬೀರ್ ಆರಸ್ಲಿಕ್ಕೆ ನಳಾ ಬಿಡಬ್ಯಾಡ್ರಿ

ಇಲ್ಲೆ ಮೆಲ್ಬರ್ನ್‌ದಾಗ ಮನ್ಯಾಗ ಬೀರ್ ಮಾಡ್ಕೊಳ್ಳೋ ಮಂದಿ ಭಾಳ ಇದ್ದಾರ, ನಮ್ಮನ್ಯಾಗೂ ಮಾಡ್ತೀವಿ. ಸ್ವಂತಕ್ಕ ಮಾಡ್ಕೊಂಡ್ರ ಇಲ್ಲಿ ಕಾನೂನಿನ ಅಡ್ಡಿ ಇಲ್ಲ. ಊರಾಗ ಕೂತು ಓದೋವ್ರು ಮಾತ್ರ ಅಬಕಾರಿ ಕಾಯ್ದೆ ನೆನಪಿಟ್ಕೊಳ್ರಿ. ಮಾಲ್ಟ್ ಯಾವುದು, ಹಾಪ್ಸ್ ಯಾವುದು ಅಂತ ಎಲ್ಲಾರೂ ತಾಸಗಟ್ಟಲೆ ಮಾತಾಡ್ತಾರ. ನನ್ನ ತಕರಾರು ಇರೋದು ಕುದಿಸಿ ಆದ ಮ್ಯಾಲಿನ ಅರ್ಧಾ ತಾಸಿನ ಬಗ್ಗೆ. ವರ್ಟ್ ಲಗೂನ ಆರಬೇಕು, ಖರೆ. ಆದ್ರ ಅದಕ್ಕಂತ ನಳಾ ಬಿಟ್ಟು ಕುಡಿಯೋ ನೀರು ಗಟಾರಕ್ಕ ಹರಸೋದು ಬರೋಬ್ಬರಿ ಅಲ್ಲ.

ವರ್ಟ್ ಅಂದ್ರ ಮತ್ತೇನಲ್ಲ, ಮೊಳಕಿ ಬರಿಸಿ ಒಣಗಿಸಿದ ಜವೆಗೋದಿ ಬಿಸಿನೀರಾಗ ನೆನಸಿ ಬಸಿದ ಸಿಹಿ ನೀರು. ಅದಕ್ಕ ಹಾಪ್ಸ್ ಹಾಕಿ ಒಂದು ತಾಸು ಕುದಸ್ತೀವಿ. ಕುದಿಯೋತನಕ ಏನೂ ಭಯ ಇಲ್ಲ. ಆರ್ಕೋತ 60 ಡಿಗ್ರಿ ಕೆಳಗ ಇಳೀತು ಅಂದ್ರ ನೋಡ್ರಿ, ಸಿಹಿ ಅದ, ಬೆಚ್ಚಗದ, ಅಲ್ಕೋಹಾಲ್ ಇನ್ನೂ ಹುಟ್ಟಿಲ್ಲ. ಹುಳಿ ಹಿಡಸೋ ಬ್ಯಾಕ್ಟೀರಿಯಾಕ್ಕ ಹಬ್ಬದೂಟ. ನಾವು ಯೀಸ್ಟ್ ಹಾಕ್ಬೇಕಂದ್ರ ಅದು 20 ಡಿಗ್ರಿ ಹತ್ರ ಬರಬೇಕು. ಸುಡುಸುಡು ಹಾಲಿಗೆ ಹೆಪ್ಪು ಹಾಕಿದ್ರ ಮೊಸರು ಆಗೂದಿಲ್ಲಲ್ಲ, ಹಂಗ ಇದೂ. ಮ್ಯಾಲ, ತೆಳು ಬಣ್ಣದ ಮಾಲ್ಟ್ ಇದ್ರ, ವರ್ಟ್ ಬಿಸಿ ಇರೋತನಕ ಡಿಎಂಎಸ್ ಅನ್ನೋದು ಹುಟ್ತಾನ ಇರ್ತದ, ಅದರ ವಾಸನಿ ಕುದಿಸಿದ ಗೋವಿನಜೋಳದ್ಹಂಗ. ಕುದಿಯೋವಾಗ ಅದು ಉಗಿ ಜೋಡಿ ಹೋಗ್ತದ, ಆಮ್ಯಾಲ ಒಳಗ ಉಳೀತದ. ಹಾಪ್ಸಿನ ಕಹಿನೂ 80 ಡಿಗ್ರಿ ಮ್ಯಾಲ ಇರೋತನಕ ಏರ್ತಾನ ಇರ್ತದ. ಲಗೂನ ಆರಿಸಿದ್ರ ಪ್ರೋಟೀನ್ ಗಂಟುಗಟ್ಟಿ ತಳಕ್ಕ ಕೂಡ್ತದ, ಬೀರ್ ತಿಳಿ ಆಗ್ತದ. ಹಿಂಗಾಗಿ ಪಾತೇಲಿ ರಾತ್ರಿಯಿಡೀ ತೆರೆದಿಡ್ರಿ ಅಂತ ನಾನೇನೂ ಹೇಳೋದಿಲ್ಲ.

ಆರಸ್ಲಿಕ್ಕೆ ಅಂಗಡ್ಯಾಗ ತಾಮ್ರದ ಸುರುಳಿ ಕೊಳವಿ ಸಿಗ್ತದ. ಕುದಿಯೋ ಕೊನೆ ಹತ್ತು-ಹದಿನೈದು ನಿಮಿಷ ಅದನ್ನ ಪಾತೇಲ್ಯಾಗ ಇಳಿಬಿಟ್ರ ಅದೂ ಸ್ವಚ್ಛ ಆಗ್ತದ. ಆಮ್ಯಾಲ ಒಂದು ತುದಿಗೆ ನಳಾ, ಇನ್ನೊಂದು ತುದಿ ಗಟಾರಕ್ಕ. ನಿಮಿಷಕ್ಕ 5 ಲೀಟರ್ ಹಂಗ 25 ನಿಮಿಷ ಬಿಟ್ರ 125 ಲೀಟರ್ ಆತು. ಬೀರ್ ಆಗೋದು 20 ಲೀಟರ್! ಇದೇ ಊರಾಗ 2008ರ ಬರಗಾಲದಾಗ ಒಬ್ಬೊಬ್ಬರೂ ದಿನಕ್ಕ 155 ಲೀಟರ್‌ದಾಗ ಮುಗಿಸ್ರಿ ಅಂತ ಸರಕಾರ ಕೇಳ್ಕೊಂಡಿತ್ತು. ಧಾರವಾಡದಾಗ ವಾರಗಟ್ಟಲೆ ನಳದ ದಾರಿ ಕಾಯ್ದು, ಬಂದ ದಿನ ಕೊಡ, ಹಂಡೆ, ಬ್ಯಾರಲ್ ಎಲ್ಲಾ ತುಂಬಿಟ್ಕೊಂಡು ಬೆಳೆದ ನನಗಂತೂ ಆ ಕೊಳವಿ ತುದಿ ನೋಡ್ಕೋತ ನಿಂದ್ರಲಿಕ್ಕೆ ಆಗೂದಿಲ್ಲ.

"ಇಲ್ಲೆ ನೀರು ಸಸ್ತಾ ಅದ, ನಿಮ್ಮದೊಂದು ಊರ ಚಿಂತಿ" ಅಂತಾರ ಗೆಳೆಯರು. ಬಿಲ್ ನೋಡಿದ್ರ ಅವರ ಮಾತು ಖರೇನ, ಕೆಲವು ಸೆಂಟ್ಸಿನ ಮಾತು. ಆದ್ರ ಅಣೆಕಟ್ಟು ಖಾಲಿ ಆದಾಗ ಸೆಂಟ್ಸ್ ಹಾಕಿ ತುಂಬಲಿಕ್ಕೆ ಬರೂದಿಲ್ಲ. ಇನ್ನೊಂದು, ಬ್ಯಾಸಗ್ಯಾಗ ನಳದ ನೀರೇ 20 ಡಿಗ್ರಿ ದಾಟಿರ್ತದ. ನೀರು ಎಷ್ಟು ತಣ್ಣಗದನೋ ಅದಕ್ಕಿಂತ ಕೆಳಗ ವರ್ಟ್ ಇಳಿಯೂದಿಲ್ಲ, ನೀವು ಸಂಜೀತನಕ ಬಿಟ್ರೂ ಅಷ್ಟ.

ಈಗ ಒಂದು ಲೆಕ್ಕ ನೋಡ್ರಿ. ನಳದ ನೀರು 20 ಡಿಗ್ರಿ ಅಂತ ಹಿಡೀರಿ. ಕುದಿಯೋ 20 ಲೀಟರ್ ವರ್ಟಿನ ಪಾತೇಲಿ 60 ಲೀಟರ್ ನೀರಿನ ಟಬ್ಬಿನ್ಯಾಗ ಇಟ್ರ ಎರಡೂ 40 ಡಿಗ್ರಿಗೆ ಸಮ ಆಗ್ತಾವ. ಅದೇ 60 ಲೀಟರ್ ಎರಡು ಪಾಲು ಮಾಡಿ, ಮೊದಲ 30 ಲೀಟರ್ ಬಿಸಿ ಆದ ಮ್ಯಾಲ ತಗದು ಇನ್ನೊಂದು 30 ಹಾಕಿದ್ರ ಮೊದಲು 52, ಆಮ್ಯಾಲ 33 ಡಿಗ್ರಿ. ನೀರು ಅಷ್ಟ, ಆರೋದು ಜಾಸ್ತಿ. ಉಳಿದದ್ದಕ್ಕ ಬರ್ಫ. ಒಂದು ಕಿಲೋ ಬರ್ಫ ಕರಗಬೇಕಂದ್ರ ಒಂದು ಲೀಟರ್ ನೀರು 80 ಡಿಗ್ರಿ ಇಳಿಯೋವಷ್ಟು ಬಿಸಿ ಎಳ್ಕೋತದ. 5 ಕಿಲೋ ಸಾಕು, ಆದ್ರ ಕೊನೀಗೆ ಹಾಕ್ರಿ. ನೀರು ಮಾಡೋ ಕೆಲಸಕ್ಕ ಬರ್ಫ ಯಾಕ ಕಳೀಬೇಕು? ಮತ್ತ ಟಬ್ಬಿಗೆ ಹಾಕ್ರಿ, ವರ್ಟಿಗಲ್ಲ.

ಎರಡೂ ಕಡೆ ಕೈಯಾಡಸ್ರಿ. ನಿಂತ ನೀರು ಪಾತೇಲಿ ಸುತ್ತ ಬಿಸಿ ಪದರ ಕಟ್ಕೊಂಡು ಕೂಡ್ತದ, ಟಬ್ಬಿನ ನೀರು ಇದ್ದೂ ಇಲ್ಲದಂಗ. ವರ್ಟಿಗೆ ಹಾಕೋ ಸೌಟು ಮಾತ್ರ ಅದರಾಗನ ಕುದ್ದಿರಬೇಕು. ಕುದ್ದ ಪಾತೇಲಿ ಒಬ್ಬರ ಎತ್ತಬ್ಯಾಡ್ರಿ, ಮುಚ್ಚಿ ಇಬ್ಬರು ಹಿಡೀರಿ, ಟಬ್ ಒಲಿ ಹತ್ರಾನ ಇಡ್ರಿ. ಮೊದಲ 30 ಲೀಟರ್ ಬಿಸಿನೀರು ಪಾತ್ರಿ ತಿಕ್ಕಲಿಕ್ಕೆ, ಎರಡನೇದು ಗಿಡಕ್ಕ, ಆರಿದ ಮ್ಯಾಲ. ತಾಮ್ರದ ಕೊಳವಿ ಆಗಲೇ ತಗೊಂಡೋರು ನಳಾ ಸಣ್ಣಗ ಬಿಟ್ಟು ಸುರುಳಿ ಸುತ್ತ ಕೈಯಾಡಸ್ಕೋತ ಇರ್ರಿ, ನೀರು ಬಕೆಟ್ಟಿಗೆ ಹಿಡೀರಿ.

ಇಲ್ಲಿಯವ್ರದ ಇನ್ನೊಂದು ಪದ್ಧತಿ ಅದ, ನೀರಿನ ಬರ ಇದ್ದ ಈ ದೇಶದಾಗ ಭಾಳ ರೂಢಿ. ಬಿಸಿ ತಡಿಯೋ, ಆಹಾರಕ್ಕ ಯೋಗ್ಯ ಇರೋ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಸುಡು ವರ್ಟ್ ತುಂಬಿ, ಗಾಳಿ ಹಿಂಡಿ ತಗದು, ಬಿಗಿ ಮುಚ್ಚಿ, ಎಲ್ಲಾ ಮಗ್ಗಲಿಗೂ ಬಿಸಿ ತಾಗೋಹಂಗ ಹೊಳ್ಳಿಸಿ ಇಡೋದು. ಮರುದಿನ ಯೀಸ್ಟ್. ಒಂದು ಹನಿ ನೀರೂ ಬ್ಯಾಡ. ಕಹಿ ಸ್ವಲ್ಪ ಏರ್ತದ, ಅದಕ್ಕ ಕೊನೀಗೆ ಹಾಕೋ ಹಾಪ್ಸ್ ಇನ್ನೂ ತಡಾ ಮಾಡಿ ಹಾಕ್ರಿ. ಆದ್ರ ವಾರಗಟ್ಟಲೆ ಹಂಗ ಇಡಬ್ಯಾಡ್ರಿ: ಹುಳಿ ಕಡಿಮಿ ಇರೋ ಸಿಹಿ ವರ್ಟ್, ಗಾಳಿ ಇಲ್ಲದ ಡಬ್ಬಿ, ಬಾಟ್ಯುಲಿಸಂ ವಿಷ ಹುಟ್ಟಲಿಕ್ಕೆ ಅಷ್ಟ ಸಾಕು.

ಕೊಳವಿ ಮಾರೋವ್ರು ಎಷ್ಟು ನಿಮಿಷದಾಗ ಆರ್ತದ ಅಂತ ಹೇಳ್ತಾರ, ಎಷ್ಟು ಲೀಟರ್‌ದಾಗ ಅಂತ ಹೇಳೂದಿಲ್ಲ. ಮುಂದಿನ ಸಲ ನೀವ ಆ ತುದಿಗೆ ಬಕೆಟ್ ಇಟ್ಟು ಎಣಸ್ರಿ. ಎಣಿಸಿದ ಮ್ಯಾಲೂ ಗಟಾರಕ್ಕ ಬಿಡೋ ಮನಸ್ಸಾದ್ರ, ಆಮ್ಯಾಲ ನಾ ಏನೂ ಅನ್ನೂದಿಲ್ಲ.